ಕಾಡಿನಡಿ ಒಂದು ಒಡ್ಡು

ಸಾಣಾಪುರದ ಕೆರೆಯ ದಂಡೆ

ಗ್ವಾಟೆಮಾಲಾಕ್ಕೆ ಹೊರಟಿದ್ದೇನೆ ಎಂದಾಗ ನಮ್ಮ ಗಂಗಾವತಿಯ ಓಣಿಯಲ್ಲಿ ಅರ್ಧ ಜನ ಅದನ್ನು ಗುವಾಹಟಿ ಎಂದೇ ಕೇಳಿಸಿಕೊಂಡರು. ಅಸ್ಸಾಮಿನಲ್ಲಿ ಮಳೆ ಜಾಸ್ತಿ, ಛತ್ರಿ ಮರೆಯಬೇಡ ಎಂದು ಎದುರು ಮನೆಯ ಖಾಲಾ ಎಚ್ಚರಿಸಿದರು. ಅಬ್ಬಾ ಮಾತ್ರ ತಮ್ಮ ಟ್ರಂಕಿನ ಅಂಗಡಿಯ ಗೋಡೆಗೆ ತೂಗುಹಾಕಿದ್ದ ಹಳೆಯ ಭೂಪಟದ ಮುಂದೆ ಕನ್ನಡಕ ಸರಿಮಾಡಿಕೊಂಡು ನಿಂತು, ಮೆಕ್ಸಿಕೋದ ಕೆಳಗೆ ಬೆರಳಿಟ್ಟು, "ಇಷ್ಟು ಸಣ್ಣ ದೇಶ ನೋಡಲು ಇಷ್ಟು ದೂರ ಹೋಗಬೇಕೇ?" ಎಂದರು. ಅವರ ಬೆರಳಿನ ತುದಿ ಇಡೀ ಗ್ವಾಟೆಮಾಲಾವನ್ನು ಮುಚ್ಚಿತ್ತು.

ನಾನು ಗಂಗಾವತಿಯ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಹೆಸರು ಶಾಹಿನಾ. ಈ ಪ್ರವಾಸದಲ್ಲಿ ನನ್ನ ಜೊತೆಗಿದ್ದವರು ಶರಣಮ್ಮಕ್ಕ. ತಳಕಲ್ಲಿನವರು, ಕುಷ್ಟಗಿಯಲ್ಲಿ ಇತಿಹಾಸದ ಉಪನ್ಯಾಸಕಿ, ವಯಸ್ಸಿನಲ್ಲಿ ನನಗಿಂತ ಸಾಕಷ್ಟು ದೊಡ್ಡವರು. ರವಿವಾರ ಬಂತೆಂದರೆ ಇಬ್ಬರೂ ಗುಡ್ಡ ಹತ್ತುತ್ತೇವೆ. ಹಳೆಯ ಕೆರೆ, ಒಡೆದ ಒಡ್ಡು, ಯಾವ ಕಾಲದ್ದೋ ತಿಳಿಯದ ಕಲ್ಲಿನ ಸಾಲು, ಇವನ್ನೆಲ್ಲ ಅಳೆದು ನಕ್ಷೆ ಮಾಡುವುದು ನಮ್ಮ ಹುಚ್ಚು. ಅಕ್ಕ ಕಲ್ಲು ನೋಡುತ್ತಾರೆ, ನಾನು ನೆಲದ ಏರಿಳಿತ ನೋಡುತ್ತೇನೆ. ಜಗಳವಾಡದೆ ಒಂದು ರವಿವಾರವೂ ಮುಗಿದಿಲ್ಲ.

ಆನೆಗುಂದಿ ಸುತ್ತಿನ ಹಳೆಯ ಕಾಲುವೆಗಳನ್ನು ನೋಡಲು ಗ್ವಾಟೆಮಾಲಾದ ಪುರಾತತ್ತ್ವ ಸಂಶೋಧಕಿ ಲೂಸಿಯಾ ಒಮ್ಮೆ ಬಂದಿದ್ದರು. ಸಾಣಾಪುರದ ಕೆರೆಯ ದಂಡೆಯಲ್ಲಿ, ಹರಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಸುಡುವ ಬಂಡೆಯ ಮೇಲೆ ಕುಣಿಯುತ್ತ ನಿಂತಿದ್ದ ಆಕೆಯನ್ನು ಮೊದಲು ಕಂಡದ್ದು ಅಕ್ಕನೇ. ತಮ್ಮ ಚಪ್ಪಲಿ ಬಿಚ್ಚಿಕೊಟ್ಟರು. ಆಮೇಲೆ ಆಕೆಯನ್ನು ನಾವಿಬ್ಬರೂ ಬಿಡಲೇ ಇಲ್ಲ. ನವಲಿಯವರೆಗಿನ ಗದ್ದೆ, ತೂಬು, ಕಾಲುವೆ ಎಲ್ಲ ತೋರಿಸಿದೆವು. ಹೋಗುವಾಗ ಲೂಸಿಯಾ ಹೇಳಿದರು: "ನಮ್ಮ ಹಿರಿಯರಾದ ಮಾಯಾ ಜನರೂ ಸಾವಿರ ವರ್ಷಗಳ ಹಿಂದೆಯೇ ನೀರು ಕಟ್ಟಿದ್ದರು. ಆದರೆ ಅದೆಲ್ಲ ಈಗ ಕಾಡಿನ ಅಡಿಯಲ್ಲಿದೆ. ವಿಮಾನದಿಂದ ಲೇಸರ್ ಬೆಳಕು ಹಾಯಿಸಿ ಈಗೀಗ ನೋಡುತ್ತಿದ್ದೇವೆ. ನೀವು ಬರಬೇಕು."

ಬಂದವರು ಹೋಗುವಾಗ ಹೇಳುವ ಸೌಜನ್ಯದ ಮಾತು ಎಂದುಕೊಂಡಿದ್ದೆವು. ಮುಂದಿನ ಬೇಸಿಗೆಗೆ ನಿಜವಾಗಿಯೂ ಆಹ್ವಾನ ಬಂತು, ವಿಮಾನದ ಟಿಕೆಟ್ಟಿನ ಸಮೇತ.

ರೊಟ್ಟಿಯ ತಪಾಸಣೆ

ಆ ದೇಶದಲ್ಲಿ ಇಳಿದ ಕೂಡಲೇ ನಮ್ಮನ್ನು ಹಿಡಿದರು. ಕಾರಣ ಅಕ್ಕನ ಚೀಲದಲ್ಲಿದ್ದ ಖಡಕ್ ರೊಟ್ಟಿಯ ಕಟ್ಟು. ತಪಾಸಣೆಯ ಯಂತ್ರದಲ್ಲಿ ಅದು ಯಾವುದೋ ಗುಂಡನೆಯ ಲೋಹದ ತಗಡುಗಳಂತೆ ಕಂಡಿರಬೇಕು. ಸಮವಸ್ತ್ರದ ಹೆಂಗಸೊಬ್ಬಳು ಒಂದನ್ನು ಹೊರತೆಗೆದು ಬೆಳಕಿಗೆ ಹಿಡಿದಳು, ಮೂಸಿದಳು, ಬೆರಳಿನಿಂದ ತಟ್ಟಿದಳು.

"ಮುರದು ತಿನ್ನವ್ವ, ಹೆದರಬ್ಯಾಡ," ಎಂದರು ಅಕ್ಕ, ಅಪ್ಪಟ ಕನ್ನಡದಲ್ಲಿ, ಕೈಯಲ್ಲಿ ಮುರಿಯುವ ಸನ್ನೆ ಮಾಡಿ.

ಅವಳು ಮುರಿದಳು. ಟಪ್ಪೆಂದ ಸದ್ದಿಗೆ ಪಕ್ಕದ ಮೇಜಿನವನೂ ಎದ್ದು ಬಂದ. ಇಬ್ಬರೂ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಮುಖ ನೋಡಿಕೊಂಡರು. "ತೋಸ್ತಾದಾ!" ಎಂದ ಅವನು, ಕಳೆದುಹೋದ ನೆಂಟನನ್ನು ಗುರುತು ಹಿಡಿದವನಂತೆ. ಅಲ್ಲಿಯೂ ಮೆಕ್ಕೆಜೋಳದ ರೊಟ್ಟಿಯನ್ನು ಗರಿಗರಿಯಾಗಿಸಿ ತಿನ್ನುತ್ತಾರೆ, ಅದರ ಹೆಸರು ಅದು. ಶೇಂಗಾ ಚಟ್ನಿಯ ಪುಡಿಯನ್ನು ಮೂಸಿದ ಹೆಂಗಸಿಗೆ ಸೀನು ಹತ್ತಿತು. ಸೀನುತ್ತಲೇ ಕೈಬೀಸಿ ನಮ್ಮನ್ನು ಹೊರಗೆ ಕಳಿಸಿದಳು.

ಫ್ಲೋರೆಸ್, ನೀರಿನ ನಡುವಿನ ಊರು

ಫ್ಲೋರೆಸ್ ಎಂಬ ಪುಟ್ಟ ಊರು ದೊಡ್ಡ ಸರೋವರದ ನಡುವೆ ಕೂತಿದೆ. ಒಂದು ಸುತ್ತು ಹಾಕಿದರೆ ಹೊರಟಲ್ಲಿಗೇ ಬರುತ್ತೇವೆ. ಅಲ್ಲಿ ನನಗಾದ ಮೊದಲ ಆಶ್ಚರ್ಯವೆಂದರೆ ಆಟೋ. ಅದೇ ಮೂರು ಗಾಲಿ, ಅದೇ ಮೂತಿ, ಅದೇ ಗುಡುಗುಡು ಸದ್ದು. ನಮ್ಮ ದೇಶದಿಂದಲೇ ಹಡಗಿನಲ್ಲಿ ಬಂದವು. ನಮ್ಮಲ್ಲಿ ದೇವರ ಪಟವೋ ದರ್ಗಾದ ಚಿತ್ರವೋ ಇರುವ ಜಾಗದಲ್ಲಿ ಮೇರಿ ಮಾತೆಯ ಪಟವಿತ್ತು. ಸುತ್ತ ಮಿಣಿಮಿಣಿ ದೀಪ ಮಾತ್ರ ನಮ್ಮದೇ. ಏರಿನಲ್ಲಿ ಅದು ಕೆಮ್ಮಿ ನಿಂತುಬಿಟ್ಟಿತು. ಚಾಲಕ ಇಳಿದು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅಕ್ಕ ಹಿಂದಿನಿಂದ ಹೆಗಲು ಕೊಟ್ಟಾಗಿತ್ತು.

"ನೋಡಕೋಂತ ಏನ್ ಕುಂತಿ, ಇಳಿ. ಯಲಬುರ್ಗಾ ರಸ್ತೇದಾಗ ಇದನ್ನ ಎಷ್ಟ ಸಲ ನೂಕೀನಿ."

ಗಾಡಿ ಹೊರಟಿತು. ನಮ್ಮನ್ನು ಬಿಟ್ಟೇ ಹೊರಟಿತು. ಏರು ಮುಗಿದ ಮೇಲೆ ನಿಂತು ಕಾಯುತ್ತಿದ್ದ ಚಾಲಕ, ನಾವು ಏದುಸಿರು ಬಿಡುತ್ತ ಬಂದಾಗ ಟೋಪಿ ತೆಗೆದು ಅಕ್ಕನಿಗೆ ನಮಸ್ಕರಿಸಿದ.

ಸಂಜೆ ಓಣಿಯ ತುಂಬ ರೊಟ್ಟಿ ತಟ್ಟುವ ಸದ್ದು. ಕಣ್ಣು ಮುಚ್ಚಿದರೆ ಕುಷ್ಟಗಿಯೇ. ಅಕ್ಕ ಹೋಗಿ ಆ ಹೆಂಗಸರ ಪಕ್ಕ ಕೂತೇಬಿಟ್ಟರು. ಅವರದು ಅಂಗೈಯಗಲದ ದಪ್ಪ ರೊಟ್ಟಿ. ಅಕ್ಕನ ಹಿಟ್ಟು ಬಡಿದಷ್ಟೂ ಅಗಲವಾಗುತ್ತ ಹೋದದ್ದನ್ನು ಕಂಡು ಅವರು ಕೆಲಸ ಬಿಟ್ಟು ನೋಡಿದರು. ಆದರೆ ಮೆಕ್ಕೆಜೋಳವನ್ನು ಅವರು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುತ್ತಾರೆ ಎಂದು ತಿಳಿದಾಗ ಅಕ್ಕ ಗಾಬರಿಯಾದರು. "ಎಲಿಗೆ ಹಚ್ಚೋ ಸುಣ್ಣಾನ ಅಡಗಿಗೆ ಹಾಕ್ತಾರಲ್ಲೇ ಇವ್ರು!" ತಿಂದು ನೋಡಿದ ಮೇಲೆ ಇನ್ನೆರಡು ಕೇಳಿದರು.

ಆ ಜನರ ಒಂದು ರೂಢಿ ನನಗೆ ಬಹಳ ಹಿಡಿಸಿತು. ನಮ್ಮ ಕಡೆ ಉಣ್ಣುತ್ತ ಕೂತವರು ಬಂದವರಿಗೆ "ಬರ್ರಿ ಊಟಕ್ಕ" ಎನ್ನುತ್ತಾರೆ. ಅಲ್ಲಿ ಅದು ತಿರುವುಮುರುವು. ಹೋಟೆಲಿನಲ್ಲಿ ಉಣ್ಣುತ್ತ ಕೂತವರಿಗೆ, ದಾರಿಯಲ್ಲಿ ಹೋಗುವವರು, ಗುರುತೇ ಇಲ್ಲದವರು, ಊಟ ಮೈಗೆ ಹತ್ತಲಿ ಎಂದು ಹಾರೈಸಿ ಹೋಗುತ್ತಾರೆ. ಮೊದಲ ದಿನ ಪ್ರತಿಯೊಬ್ಬರಿಗೂ ಎದ್ದು ನಿಂತು ಸಲಾಂ ಮಾಡಿದ ನನ್ನ ಅನ್ನ ಆರಿಹೋಯಿತು.

ಪರದೆಯ ಮೇಲಿನ ನೆಲ

ಲೂಸಿಯಾ ಅವರ ಕೆಲಸದ ಕೋಣೆಯಲ್ಲಿ ಒಂದು ದೊಡ್ಡ ಪರದೆ. ಮೊದಲು ಕಾಡನ್ನು ತೋರಿಸಿದರು. ಹೂಕೋಸಿನ ಗಡ್ಡೆಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತೆ ಬರೀ ಹಸಿರು, ಎಲ್ಲಿಯೂ ನೆಲ ಕಾಣದು. ಆಮೇಲೆ ಒಂದು ಗುಂಡಿ ಒತ್ತಿದರು. ಕಾಡು ಹೋಯಿತು.

ಅದನ್ನು ಹೇಗೆ ಹೇಳಲಿ? ಮಲಗಿದವರ ಮೇಲಿನ ಕೌದಿ ಎಳೆದ ಹಾಗೆ. ಕೆಳಗೆ ಊರೇ ಇತ್ತು. ಚೌಕಾಕಾರದ ದಿಬ್ಬಗಳು, ಅಂಗಳಗಳು, ಗುಡ್ಡದ ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಹೊಲಗಳು, ನೂಲು ಹಿಡಿದು ಎಳೆದಂತೆ ನೆಟ್ಟಗೆ ಹೋಗುವ ಎತ್ತರದ ದಾರಿಗಳು. ವಿಮಾನವು ಲೇಸರ್ ಬೆಳಕಿನ ಹನಿಗಳನ್ನು ಮಳೆಯಂತೆ ಸುರಿಯುತ್ತ ಹೋಗುತ್ತದೆ. ಬಹುಪಾಲು ಎಲೆಗೆ ಬಡಿದು ಹಿಂದಿರುಗುತ್ತವೆ. ಎಲೆಗಳ ಸಂದಿಯಲ್ಲಿ ನುಸುಳಿದ ಕೆಲವು ಮಾತ್ರ ನೆಲ ಮುಟ್ಟಿ ಬರುತ್ತವೆ. ಎಲೆಗೆ ಬಡಿದದ್ದನ್ನೆಲ್ಲ ಲೆಕ್ಕದಿಂದ ತೆಗೆದರೆ ಉಳಿಯುವುದು ನೆಲದ ಆಕಾರ. ಇದನ್ನು ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ಅಂದು ನೋಡುವಾಗ ಮೈ ಜುಮ್ಮೆಂದಿತು.

ಗುರುತಾದ ಊರುಗಳ ಸುತ್ತ ಒಂದು ಕೆಂಪು ಗೆರೆ ಇತ್ತು. ಅದರೊಳಗಿನ ಕಾಡಿಗೆ ಕಾವಲುಗಾರರು ಇರುತ್ತಾರೆ. ಗೆರೆಯ ಹೊರಗಿನ ಕಾಡನ್ನು ದನ ಮೇಯಿಸುವವರು ಕಡಿದು ಸುಡುತ್ತ ಬರುತ್ತಿದ್ದರು. ಆ ಗೆರೆಯನ್ನು ಕಾಡಿನ ಅಧಿಕಾರಿಗಳು ಅದೇ ಬೇಸಿಗೆಯಲ್ಲಿ ಮತ್ತೆ ಎಳೆಯುವವರಿದ್ದರು. ಏನೂ ಇಲ್ಲದ ಖಾಲಿ ಕಾಡು ಎಂದು ಬರೆದ ತುಂಡುಗಳು ಹೊರಗೆ ಹೋಗುತ್ತವೆ. ಅಂಥ ಒಂದು ಖಾಲಿ ತುಂಡಿನ ಚಿತ್ರವನ್ನು ನನ್ನ ಮುಂದಿಟ್ಟು, "ಕೈ ಅಭ್ಯಾಸವಾಗಲಿ, ನೋಡುತ್ತಿರಿ," ಎಂದು ಲೂಸಿಯಾ ಬೇರೆ ಕೆಲಸಕ್ಕೆ ಹೋದರು.

ಚಿತ್ರದಲ್ಲಿ ಬೆಳಕನ್ನು ಬೇಕಾದ ದಿಕ್ಕಿನಿಂದ ಬೀಳಿಸಬಹುದು. ಸೂರ್ಯ ವಾಯವ್ಯದಲ್ಲಿದ್ದಾನೆ ಎಂದುಕೊಂಡು ಎಲ್ಲರೂ ನೋಡುವುದು ವಾಡಿಕೆ. ನಾನು ಸುಮ್ಮನೆ ಸೂರ್ಯನನ್ನು ಈಶಾನ್ಯಕ್ಕೆ ತಿರುಗಿಸಿದೆ. ಎರಡು ದಿಬ್ಬಗಳ ನಡುವೆ, ಬಾಗಿದ ಹುಬ್ಬಿನಂತೆ, ತೆಳ್ಳನೆಯ ನೆರಳೊಂದು ಎದ್ದಿತು.

"ಅಕ್ಕಾ, ಇಲ್ಲಿ ನೋಡ್ರಿ. ಇದು ಒಡ್ಡು ಅದ."

ಅಕ್ಕ ಬಂದು ಬಹಳ ಹೊತ್ತು ನೋಡಿದರು. "ಅಲ್ಲ," ಎಂದರು.

"ಯಾಕ ಅಲ್ಲ? ಆ ಕಡಿ ದಿಬ್ಬ, ಈ ಕಡಿ ದಿಬ್ಬ, ನಡುವ ತಗ್ಗು. ನಮ್ಮಲ್ಲಿ ಇಂಥಾ ಜಾಗದಾಗ ಒಡ್ಡು ಹಾಕಿಲ್ಲೇನ್ರಿ?"

"ನಮ್ಮಲ್ಲಿ ಕೆಳಗ ಕರೀ ಕಲ್ಲಿನ ಬಂಡಿ ಐತಿ, ನೀರು ನಿಲ್ತೈತಿ. ಇಲ್ಲಿ ಕೆಳಗ ಸುಣ್ಣದ ಕಲ್ಲು. ನೀರು ಜರಡಿ ಹಿಡಿದಂಗ ಸೋರಿ ಹೋಗ್ತೈತಿ. ಯಾರು ಕಟ್ಟತಾರ ಒಡ್ಡು? ಊರಿನ ಕಣ್ಣು ತಂದು ಇಲ್ಲಿ ಇಟ್ಟು ನೋಡಬ್ಯಾಡ ಶಾಹಿನಾ."

ಮಾತು ಚುಚ್ಚಿತು. ಸುಳ್ಳೂ ಆಗಿರಲಿಲ್ಲ. ಪರಊರಿಗೆ ಹೋದವರಿಗೆ ಇದೊಂದು ರೋಗ. ಕಂಡದ್ದಕ್ಕೆಲ್ಲ ನಮ್ಮೂರಿನ ಹೆಸರಿಡುತ್ತೇವೆ. ಲೂಸಿಯಾ ಬಂದು ನೋಡಿ, ಅದು ಹಳೆಯ ದಾರಿಯೂ ಇರಬಹುದು, ನೆಲದ ಸಹಜ ಮಡಿಕೆಯೂ ಇರಬಹುದು ಎಂದರು. ನಮ್ಮ ತಂಡ ಹೊರಡಬೇಕಿದ್ದದ್ದು ಬೇರೆ ಜಾಗಕ್ಕೆ. ಈ ತುಂಡಿಗೆ ಹೋದರೆ ಅದನ್ನು ಬಿಡಬೇಕು. ಮಳೆ ಶುರುವಾದರೆ ತಗ್ಗಿನ ಕೆಸರು ದಾರಿ ಮುಚ್ಚುತ್ತದೆ, ಎರಡೂ ಇಲ್ಲ.

ನಾನು ಮತ್ತೆ ಸೂರ್ಯನನ್ನು ತಿರುಗಿಸಿ ತೋರಿಸಿದೆ. ಲೂಸಿಯಾ ಗಲ್ಲಕ್ಕೆ ಕೈಕೊಟ್ಟು ಕೂತರು. ಕೊನೆಗೆ, "ನಿಮ್ಮಲ್ಲಿ ನೀವು ತೋರಿಸಿದ ಒಂದು ಒಡ್ಡಿನ ಮೇಲೆ ನಿಂತು ನಾನು, ಎಲ್ಲಿ ಒಡ್ಡು ಎಂದು ಕೇಳಿದ್ದೆ. ನೆನಪಿದೆಯೇ?" ಎಂದು ನಕ್ಕು, ಎದ್ದು, ಕಾಡಿಗೆ ಸಾಮಾನು ಹೊರುವ ಹೇಸರಗತ್ತೆಗಳ ಯಜಮಾನನಿಗೆ ಫೋನು ಮಾಡಿದರು. ಹೋಗುವ ಜಾಗ ಬದಲಾಗಿತ್ತು. ತಪ್ಪಾದರೆ ಆಕೆಯ ಒಂದು ವರ್ಷದ ಕೆಲಸ ನನ್ನಿಂದ ಹಾಳು.

ಕಾಡಿನ ಮೊದಲ ದಿನ

ಹೇಸರಗತ್ತೆಗಳ ಯಜಮಾನನ ಹೆಸರು ದೋನ್ ಚೆಪೆ. ದೋನ್ ಎಂದರೆ ನಮ್ಮಲ್ಲಿ ಸಾಹುಕಾರ್ರು, ಗೌಡ್ರು ಎಂದ ಹಾಗೆ ಗೌರವದ ಕರೆ. ಕಾಡಂಚಿನ ಹಳ್ಳಿಯವರು, ಮಾಯಾ ವಂಶದವರು, ಹೂಗುಚ್ಛಕ್ಕೆ ಬಳಸುವ ಒಂದು ಬಗೆಯ ತಾಳೆ ಎಲೆಯನ್ನು ಕಾಡಿನಿಂದ ಕೊಯ್ದು ಮಾರುವವರು. ಲೂಸಿಯಾ ಚಿತ್ರ ತೋರಿಸಿದಾಗ ತಲೆ ಅಲ್ಲಾಡಿಸಿ, "ಅಲ್ಲಿ ಮರ ಮತ್ತು ಸೊಳ್ಳೆ ಬಿಟ್ಟರೆ ಏನಿಲ್ಲ. ನಾನು ಅಲ್ಲೇ ಓಡಾಡಿ ದೊಡ್ಡವನಾದದ್ದು," ಎಂದರು. ಹೀಗೆ ನನ್ನ ವಿರುದ್ಧ ಇನ್ನೊಂದು ವೋಟು ಬಿತ್ತು.

ಕಾಡಿಗೆಂದು ಅಕ್ಕ ಜೀವನದಲ್ಲಿ ಮೊದಲ ಸಲ ಪ್ಯಾಂಟು ತೊಟ್ಟಿದ್ದರು. "ಈ ಫೋಟೋ ಊರಾಗ ಯಾರಿಗೂ ತೋರಸಬ್ಯಾಡ, ಆಣಿ ಮಾಡು," ಎಂದು ನನ್ನಿಂದ ಮಾತು ತೆಗೆದುಕೊಂಡರು. ಸ್ವಲ್ಪ ಹೊತ್ತಿಗೆ ಪ್ಯಾಂಟಿನ ಜೇಬುಗಳ ರುಚಿ ಹತ್ತಿತು. ಒಂದರಲ್ಲಿ ಶೇಂಗಾ, ಇನ್ನೊಂದರಲ್ಲಿ ಅಳತೆಯ ಟೇಪು, ಮತ್ತೊಂದರಲ್ಲಿ ಎಲೆಯಡಿಕೆ ಚೀಲ. "ಇದ ಛಲೋ ಐತೆಲ್ಲ!"

ಆ ಕಾಡು ನಮ್ಮ ಗುಡ್ಡದ ಹಾಗೆ ದೂರದ ನೋಟ ಕೊಡುವುದಿಲ್ಲ. ಎದುರಿನ ಕತ್ತೆಯ ಬಾಲವೇ ದಿಗಂತ. ಎಲೆಗಳ ಮೇಲೆಲ್ಲ ಸಾಸಿವೆ ಕಾಳಿನಂಥ ಉಣ್ಣೆಗಳು ರಕ್ತ ಹೀರಲು ಕಾಯುತ್ತ ಕೂತಿರುತ್ತವೆ. ಮಧ್ಯಾಹ್ನ ನೀರಿನ ಡಬ್ಬಿ ಹೊತ್ತ ಹೇಸರಗತ್ತೆ ದಾರಿಯಲ್ಲೇ ಕೂತುಬಿಟ್ಟಿತು. ಬೆಲ್ಲ ಕೊಟ್ಟರೂ ಏಳಲಿಲ್ಲ, ಬೈದರೂ ಏಳಲಿಲ್ಲ. ಅಷ್ಟರಲ್ಲಿ ತಲೆಯ ಮೇಲೆಯೇ ಹುಲಿ ಗರ್ಜಿಸಿದಂತೆ ಸದ್ದಾಯಿತು. ನಾನು ಅಕ್ಕನನ್ನು ತಬ್ಬಿಕೊಂಡೆ. ಅಕ್ಕ ಕತ್ತೆಯನ್ನು ತಬ್ಬಿಕೊಂಡರು. ಕತ್ತೆ ಎದ್ದಿತು. ಸದ್ದು ಮಾಡಿದ್ದು ಮಂಗ! ಸಣ್ಣ ನಾಯಿಯಷ್ಟೇ ದೊಡ್ಡದು, ಕೊಂಬೆಯ ಮೇಲೆ ಸೋಮಾರಿಯಂತೆ ಕೂತು ಊರಿಗೆಲ್ಲ ಕೇಳುವಂತೆ ಗರ್ಜಿಸುತ್ತದೆ. ಆನೆಗುಂದಿಯ ಮಂಗಗಳು ಕೈಯಲ್ಲಿದ್ದ ಬಾಳೆಹಣ್ಣು ಕಸಿಯುತ್ತವೆ, ಈ ಮಂಗಗಳು ಕೂತಲ್ಲೇ ಬೈಯುತ್ತವೆ ಅಷ್ಟೆ.

ದಾರಿಯುದ್ದಕ್ಕೂ ಅಕ್ಕ ಒಡ್ಡಿನ ಮಾತೆತ್ತಲಿಲ್ಲ. ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನೆರಳಿನ ಜಾಗ

ಮರುದಿನ ಬೆಳಿಗ್ಗೆ ಕೈಯಲ್ಲಿದ್ದ ಜಿಪಿಎಸ್, ಬಂದಿರಿ, ಇದೇ ಜಾಗ, ಎಂದಿತು. ಸುತ್ತ ನೋಡಿದೆ. ಮರ, ಬಳ್ಳಿ, ಕೊಳೆತ ಎಲೆ. ಪರದೆಯ ಮೇಲೆ ಅಷ್ಟು ಸ್ಪಷ್ಟವಾಗಿದ್ದ ಹುಬ್ಬು ಎಲ್ಲಿ? ಸ್ವಲ್ಪ ಎತ್ತರ ಇತ್ತು, ಆದರೆ ಕಾಡಿನಲ್ಲಿ ಎಲ್ಲಿ ನಿಂತರೂ ಸ್ವಲ್ಪ ಎತ್ತರ, ಸ್ವಲ್ಪ ತಗ್ಗು ಇದ್ದೇ ಇರುತ್ತದೆ. ದೋನ್ ಚೆಪೆ ಮಚ್ಚಿನಿಂದ ದಾರಿ ಬಿಡಿಸುತ್ತ ಹೋದರು. ನಾವು ಅತ್ತಿಂದಿತ್ತ ಹಾದೆವು, ಇತ್ತಿಂದತ್ತ ಹಾದೆವು. ಕಲ್ಲಿನ ಗುಡ್ಡೆಯಂತೆ ಕಂಡದ್ದನ್ನು ಲೂಸಿಯಾ ಮೆಲ್ಲಗೆ ಕೆರೆದರು. ಹುತ್ತ. ಇನ್ನೊಂದು ಕಡೆ ಗಟ್ಟಿ ಅಂಚು ಸಿಕ್ಕಿತು. ಬೇರು.

ಹೀಗೇ ಮಧ್ಯಾಹ್ನವಾಯಿತು. ಎಲೆಗಳ ಮೇಲೆ ಎಲ್ಲೋ ಗುಡುಗಿತು. ಲೂಸಿಯಾ ಮೇಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ಮುಖ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. ನಾನು ಒಂದು ಬೇರಿನ ಮೇಲೆ ಕೂತೆ. "ಅಕ್ಕಾ, ನೀವು ಹೇಳಿದ್ದು ಖರೆ ಆತು ಕಾಣ್ತದ," ಎಂದೆ.

ಹೌದು ಎನ್ನಲು ಅವರಿಗೆ ಒಳ್ಳೆಯ ಹೊತ್ತಾಗಿತ್ತು. ಅವರು ಬೆವರು ಒರೆಸಿಕೊಂಡು, "ಮೊದಲ ನೀರು ಕುಡಿ. ನಾ ಒಂದಕ್ಕ ಹೋಗಿ ಬರ್ತೀನಿ," ಎಂದು ಇಳಿಜಾರಿನ ಆ ಬದಿಗೆ, ಗಂಡಸಾದ ದೋನ್ ಚೆಪೆಯ ಕಣ್ಣಿಗೆ ಬೀಳದಷ್ಟು ದೂರಕ್ಕೆ ಇಳಿದುಹೋದರು. ಬಳ್ಳಿ ಹರಿಯುವ ಸದ್ದು, ಕಾಲು ಜಾರಿದ ಸದ್ದು, ಒಂದು "ಅಯ್ಯೋ ಶಿವನ".

"ಅಕ್ಕಾ? ಬಿದ್ರೇನ್ರಿ?"

ನಾನು ಎದ್ದೆ. ಅಷ್ಟರಲ್ಲಿ ಆ ಕೂಗು ಬಂತು. ತಳಕಲ್ಲಿನ ಹೊಲದ ಈ ತುದಿಯಿಂದ ಆ ತುದಿಗೆ ಕೇಳುವಂಥ ಕೂಗು.

"ಶಾಹಿನಾ! ಓಡಿ ಬಾ! ಕಟ್ಟ್ಯಾರ! ಇದನ್ನ ಮನಷ್ಯಾರು ಕಟ್ಟ್ಯಾರ!"

ನಾವು ಮೂವರೂ ಉರುಳಿಕೊಂಡೇ ಇಳಿದೆವು. ದೊಡ್ಡ ಮರವೊಂದು ಯಾವುದೋ ಗಾಳಿಗೆ ಬುಡಸಮೇತ ಕಿತ್ತುಬಿದ್ದಿತ್ತು. ಬೇರುಗಳು ಮಣ್ಣನ್ನು ಎತ್ತಿಕೊಂಡು ಗೋಡೆಯಂತೆ ನಿಂತಿದ್ದವು. ಅವು ಕಿತ್ತುಬಂದ ಗುಳಿಯಲ್ಲಿ ಅಕ್ಕ ಮಂಡಿಯೂರಿ ಕೂತಿದ್ದರು. ಅವರ ಮುಂದೆ, ಬೇರಿನ ಹಿಡಿತದಿಂದ ಆಗಷ್ಟೇ ಬಿಡಿಸಿಕೊಂಡಂತೆ, ಕಲ್ಲುಗಳ ಸಾಲು. ಒಂದರ ಮೇಲೊಂದು, ಮೂಲೆ ಕೆತ್ತಿದ, ಸಂದಿ ತಪ್ಪಿಸಿ ಜೋಡಿಸಿದ ಕಲ್ಲುಗಳು. ಅವುಗಳ ಹಿಂದೆ ಕಪ್ಪು ಜಿಗುಟು ಮಣ್ಣು, ಒತ್ತಿ ಒತ್ತಿ ತುಂಬಿದ್ದು.

ಅಕ್ಕ ಒಂದು ಚಿಟಿಕೆ ಮಣ್ಣನ್ನು ಬೆರಳಲ್ಲಿ ಹೊಸೆದು ನನ್ನ ಅಂಗೈಗೆ ಹಚ್ಚಿದರು. "ನೋಡು. ಸುಣ್ಣದ ನೆಲದಾಗ ಈ ಅಂಟು ಮಣ್ಣು ತಾನಾಗೇ ಬಂದು ಕುಂದ್ರಂಗಿಲ್ಲ. ನೀರು ಸೋರಬಾರದಂತ ಹೊತ್ತು ತಂದು ಬಡದಾರ. ನೀ ಅಂದದ್ದ ಖರೆ. ಒಡ್ಡು."

ಲೂಸಿಯಾ ಆ ಗುಳಿಗೆ ಇಳಿದು ಕಲ್ಲಿನ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಅಳುತ್ತಿದ್ದರು, ನಗುತ್ತಲೂ ಇದ್ದರು. ಮೇಲೆ ಹತ್ತಿ, ನಾನು ಕೂತು ಗೋಳಾಡಿದ ಜಾಗದ ಪಕ್ಕದಲ್ಲೇ ಎಲೆ, ಮಣ್ಣು ಸರಿಸಿದರು. ಒಂದು ಗೇಣು ಕೆಳಗೆ ಬೆಳ್ಳನೆಯ ಗಾರೆಯ ಹಾಸು ಸಿಕ್ಕಿತು.

"ಶಾಹಿನಾ, ನೀವು ಗೆದ್ದಿರಿ," ಎಂದರು. "ನಾನೂ ಗೆದ್ದೆ. ಕೆಳಗೆ ಒಡ್ಡು, ಮೇಲೆ ದಾರಿ! ನೀರನ್ನೂ ಹಿಡಿದಿದ್ದಾರೆ, ಅದರ ಮೇಲೆಯೇ ನಡೆದೂ ಹೋಗಿದ್ದಾರೆ."

ಹೀಗೆ ನನ್ನ ಊರಿನ ಕಣ್ಣು ಅರ್ಧ ಮಾತ್ರ ಕಂಡಿತ್ತು. ಉಳಿದರ್ಧವನ್ನು ಆ ಊರಿನವರೇ ಕಾಣಬೇಕಿತ್ತು. ಖುಷಿ ಮಾತ್ರ ಅರ್ಧವಾಗಿರಲಿಲ್ಲ. ನಾನು ಮತ್ತು ಅಕ್ಕ ಕೈ ಕೈ ಹಿಡಿದು ಫುಗಡಿ ತಿರುಗಿದೆವು, ಆ ವಯಸ್ಸಿನಲ್ಲಿ, ಆ ಪ್ಯಾಂಟಿನಲ್ಲಿ, ಉಣ್ಣೆ ತುಂಬಿದ ಕಾಡಿನಲ್ಲಿ. ಗುಡುಗು ದೂರ ಸರಿಯಿತು. ಮಳೆ ಬರಲೇ ಇಲ್ಲ.

ಅಂಗಳಗಳು

ಒಮ್ಮೆ ಗುರುತು ಹತ್ತಿದ ಮೇಲೆ ಕಾಡೇ ಬೇರೆಯಾಯಿತು. ಆ ಎತ್ತರವನ್ನು ಹಿಡಿದು ನಡೆದರೆ ತುದಿಯಲ್ಲಿ ಒಂದು ದಿಬ್ಬ, ಅದರ ಎದುರು ಇನ್ನೊಂದು, ನಡುವೆ ಸಮತಟ್ಟು ಅಂಗಳ. ಮನೆಗಳು. ಅದರಾಚೆ ಮತ್ತೊಂದು ಅಂಗಳ, ಮತ್ತೊಂದು. ಬೆಳಗ್ಗೆ ನಾವು ಇವುಗಳ ಮೇಲೆಯೇ ತುಳಿದಾಡಿ, ಏನೂ ಇಲ್ಲ ಎಂದಿದ್ದೆವು. ಮಡಕೆಯ ಚೂರುಗಳು ಎಲೆಗಳಡಿ ಕಾಣತೊಡಗಿದವು. ಮುಟ್ಟಿ ನೋಡಿ, ಫೋಟೋ ತೆಗೆದು, ಇದ್ದಲ್ಲೇ ಬಿಟ್ಟೆವು.

ಒಂದು ಅಂಗಳದ ಮೂಲೆಯಲ್ಲಿ ಅರೆಯುವ ಕಲ್ಲು ಮುಕ್ಕಾಲು ಹೂತು ಕೂತಿತ್ತು. ನಡುವೆ ಸವೆದು ದೋಣಿಯಂತಾಗಿತ್ತು. ಅಕ್ಕ ಅದರ ಮುಂದೆ ಕಾಲು ಮಡಿಚಿ ಕೂತು, ಅರೆಯುವವರ ಹಾಗೆ ಎರಡೂ ಕೈಗಳನ್ನು ಅದರ ಮೇಲಿಟ್ಟರು. ಆ ತಗ್ಗಿಗೆ ಅವರ ಅಂಗೈ ಸರಿಯಾಗಿ ಕೂತಿತು.

"ಎಷ್ಟು ಅರದಾಳೋ ತಾಯಿ," ಎಂದರು.

ಅರಮನೆ, ಗೋಪುರ ಕಂಡಿದ್ದರೂ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲವೇನೋ. ಇಲ್ಲಿ ರಾಜ ಇರಲಿಲ್ಲ. ನೀರು ತರುವವರು, ಅರೆಯುವವರು, ಮಕ್ಕಳನ್ನು ಅಂಗಳದಲ್ಲಿ ಆಡಲು ಬಿಟ್ಟವರು ಇದ್ದರು. ಅವರಿದ್ದರು ಎಂಬುದನ್ನು ಆ ಗಳಿಗೆಯವರೆಗೆ ಭೂಮಿಯ ಮೇಲಿನ ಯಾವ ನಕ್ಷೆಯೂ ಹೇಳಿರಲಿಲ್ಲ.

ದೋನ್ ಚೆಪೆ ಟೋಪಿ ಕೈಯಲ್ಲಿ ಹಿಡಿದು ಅಂಗಳದ ನಡುವೆ ನಿಂತಿದ್ದರು. ಮಳೆಗಾಲದಲ್ಲಿ ಎಲೆ ಕೊಯ್ಯಲು ಬಂದಾಗಲೆಲ್ಲ ಅವರು ಬುತ್ತಿ ಬಿಚ್ಚುತ್ತಿದ್ದದ್ದು ಅಲ್ಲಿಯೇ. ಸುತ್ತ ಕೆಸರಿದ್ದರೂ ಅದೊಂದು ಜಾಗ ಒಣಗಿರುತ್ತಿತ್ತಂತೆ. ಯಾಕೆಂದು ಯೋಚಿಸಿರಲಿಲ್ಲ. "ಯಾರದೋ ಮನೆಯ ಅಂಗಳದಲ್ಲಿ ಕೂತು ಇಷ್ಟು ವರ್ಷ ಉಂಡೆನೇ!" ಎಂದು ಅವರು ನಕ್ಕ ನಗೆಗೆ ಮರದ ಮೇಲಿನ ಮಂಗಗಳು ಗರ್ಜಿಸಿ ಉತ್ತರ ಕೊಟ್ಟವು. ಆಮೇಲೆ ನಮ್ಮೆಲ್ಲರನ್ನೂ ಅಲ್ಲೇ ಕೂರಿಸಿ ಬುತ್ತಿ ಬಿಚ್ಚಿದರು. ಅಕ್ಕ ಉಳಿದಿದ್ದ ಖಡಕ್ ರೊಟ್ಟಿ ಹಂಚಿದರು. ದೋನ್ ಚೆಪೆ ಮೊದಲ ತುಂಡನ್ನು ಮುರಿದು ಆ ಅರೆಯುವ ಕಲ್ಲಿನ ಬಳಿ ಇಟ್ಟು ಬಂದರು. ಅಕ್ಕನೂ ಹಾಗೆಯೇ ಮಾಡಿದರು. ನಾನು ಬಿಸ್ಮಿಲ್ಲಾ ಎಂದು ತಿಂದೆ.

ಕೆಂಪು ಗೆರೆ

ಫ್ಲೋರೆಸಿಗೆ ಮರಳಿದ ಮೇಲೆ ಲೂಸಿಯಾ ಎಲ್ಲ ಚಿತ್ರಗಳನ್ನು ಹಿಡಿದುಕೊಂಡು ಕಾಡಿನ ಅಧಿಕಾರಿಗಳ ಬಳಿಗೆ ಹೋದರು. ನಾವು ಹೊರಗೆ ಬೆಂಚಿನ ಮೇಲೆ ಕೂತು ಕಾದೆವು. ಕೆರೆಯುತ್ತ ಕಾದೆವು ಎನ್ನಬೇಕು. ಉಣ್ಣೆ ಕಡಿದ ಜಾಗಗಳನ್ನು ಸಭ್ಯವಾಗಿ ಕೆರೆದುಕೊಳ್ಳುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಎದುರಿನ ಗುಮಾಸ್ತ ನೋಡಿ ನೋಡಿ, ಕೊನೆಗೆ ತನ್ನ ಮೇಜಿನ ಖಾನೆಯಿಂದ ಯಾವುದೋ ಮುಲಾಮು ತೆಗೆದು ಕೊಟ್ಟ.

ಬಾಗಿಲು ತೆರೆದು ಬಂದ ಲೂಸಿಯಾ ಫೋನನ್ನು ನಮ್ಮ ಮುಂದೆ ಹಿಡಿದರು. ನಕ್ಷೆಯ ಫೋಟೋ. ಕೆಂಪು ಗೆರೆ ಮೊದಲಿದ್ದ ಜಾಗ ಬಿಟ್ಟು ಹೊರಗೆ ಬಾಗಿ, ನಮ್ಮ ಒಡ್ಡನ್ನು, ಅಂಗಳಗಳನ್ನು, ಅವುಗಳ ಸುತ್ತಿನ ಕಾಡನ್ನು ಬಳಸಿಕೊಂಡು ಹೋಗಿತ್ತು. ಅಕ್ಕ ಆ ಗೆರೆಯ ಮೇಲೆ ಬೆರಳಾಡಿಸಿದರು. ಫೋನಿನ ಚಿತ್ರ ಸರಿದು ಲೂಸಿಯಾ ಅವರ ನಾಯಿಯ ಫೋಟೋ ಬಂತು. ಮೂವರೂ ನಕ್ಕೆವು, ಕಚೇರಿಯವರೆಲ್ಲ ತಿರುಗಿ ನೋಡುವಷ್ಟು.

ದೋನ್ ಚೆಪೆಯ ಹಳ್ಳಿ

ಹೊರಡುವ ಮುನ್ನ ಹಳ್ಳಿಯವರಿಗೆ ಎಲ್ಲ ತೋರಿಸಬೇಕೆಂದು ಲೂಸಿಯಾ ಶಾಲೆಯ ಕೋಣೆಯಲ್ಲಿ ಬಿಳಿ ಬಟ್ಟೆ ಕಟ್ಟಿದರು. ಕೋಣೆ ತುಂಬಿ, ಕಿಟಕಿಯಲ್ಲೂ ತಲೆಗಳು. ಮುಂದಿನ ಸಾಲಿನಲ್ಲಿ ದೋನ್ ಚೆಪೆಯ ತಾಯಿ, ಹೆಣೆದ ಬೆಳ್ಳಿ ಕೂದಲಿನ ಮುದುಕಿ, ಕೈಯಲ್ಲಿ ಬೀಸಣಿಗೆ.

ಮೊದಲು ಕಾಡಿನ ಚಿತ್ರ. ಎಲ್ಲರಿಗೂ ಗೊತ್ತಿರುವ ಕಾಡು. ಲೂಸಿಯಾ ಗುಂಡಿ ಒತ್ತಿದರು. ಮರಗಳು ಹೋದವು. ಕೋಣೆಯ ತುಂಬ ಒಮ್ಮೆಲೇ ಉಸಿರು ಎಳೆದುಕೊಂಡ ಸದ್ದು. ಮುದುಕಿ ಬೀಸಣಿಗೆ ನಿಲ್ಲಿಸಿ ಏನೋ ಹೇಳಿದರು. ಮರಗಳನ್ನು ಮತ್ತೆ ಇಟ್ಟು ಮತ್ತೆ ತೆಗೆ ಎಂದರಂತೆ. ಲೂಸಿಯಾ ತೆಗೆದರು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ತೆಗೆದರು. ಪ್ರತಿಸಲ ಜನ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

"ಇದು ಖಾಲಿ ಕಾಡು, ನೀವು ನಿನ್ನೆ ಮೊನ್ನೆ ಬಂದವರು ಎಂದು ಪಟ್ಟಣದವರು ನಮಗೆ ಹೇಳುತ್ತಿದ್ದರು," ಎಂದು ದೋನ್ ಚೆಪೆ ಎದ್ದು ನಿಂತು ಹೇಳಿದರು. ಲೂಸಿಯಾ ಅದನ್ನು ನಮಗೆ ತಿಳಿಸಿ ಮುಗಿಸುವಷ್ಟರಲ್ಲಿ ಅವರು ಮುಂದುವರಿಸಿದರು, "ಇನ್ನು ಮೇಲೆ ಹೇಳಲಿ ನೋಡೋಣ."

ಆಮೇಲೆ ನಮ್ಮನ್ನು ಮಾತನಾಡಲು ಕರೆದರು. ನಾನು ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿದೆ, ಲೂಸಿಯಾ ಅನುವಾದಿಸಿದರು, ಜನ ವಿನಯದಿಂದ ಕೇಳಿದರು. ಅಕ್ಕನ ಸರದಿ ಬಂತು. ಅವರು ಮುಂದೆ ಹೋಗಿ ನಿಂತು, ಲೂಸಿಯಾ ಕಡೆ ತಿರುಗಿಯೂ ನೋಡದೆ, ತಮ್ಮ ಭಾಷೆಯಲ್ಲಿ ಶುರುಮಾಡಿದರು.

"ನೋಡ್ರಿ, ನಾ ಇಲ್ಲೇನೂ ಇಲ್ಲ ಅಂತ ಈ ಹುಡಿಗಿ ಜೋಡಿ ಭಾಳ ವಾದ ಮಾಡಿದ್ದೆ. ಕೈಯಾರೆ ಮುಟ್ಟಿ ಬಂದೀನಿ. ಐತಿ. ನಿಮ್ಮ ಹಿರ್ಯಾರು ಹಾಕಿದ ಒಡ್ಡು ಐತಿ. ಅವರ ಅಂಗಳ ಐತಿ. ಅವರ ಅರಿಯೋ ಕಲ್ಲು ಐತಿ."

ಯಾರೂ ಅನುವಾದ ಕೇಳಲಿಲ್ಲ. ಅಕ್ಕನ ಕೈ ಬಿಳಿ ಬಟ್ಟೆಯ ಮೇಲಿನ ಒಂದೊಂದು ಗುರುತನ್ನು ತಟ್ಟಿ ತಟ್ಟಿ ತೋರಿಸುತ್ತಿತ್ತು. ಮುಂದಿನ ಸಾಲಿನ ಮುದುಕಿ ಬೀಸಣಿಗೆಯಿಂದ ದೂರದ ಒಂದು ಅಂಗಳವನ್ನು ತೋರಿಸಿ, ಕೇಳಿಸಿಕೊಂಡಷ್ಟರಲ್ಲೇ ಕಲಿತ ಮಾತಿನಲ್ಲಿ ಕೇಳಿದರು, "ಐತಿ?"

"ಐತಿ ಯವ್ವಾ!" ಎಂದರು ಅಕ್ಕ.

ಕಿಟಕಿಯಲ್ಲಿದ್ದ ಮಕ್ಕಳು ಮೊದಲು ಹಿಡಿದುಕೊಂಡರು. ಆಮೇಲೆ ಹೆಂಗಸರು, ಆಮೇಲೆ ಟೋಪಿಯ ಗಂಡಸರು. ಅಕ್ಕನ ಕೈ ಒಂದೊಂದು ದಿಬ್ಬದ ಮೇಲೆ ಬಿದ್ದಂತೆ ಇಡೀ ಕೋಣೆ ಕೂಗುತ್ತಿತ್ತು, "ಐತಿ! ಐತಿ! ಐತಿ!"